ಇಸ್ತ್ರಿ ಹಾಕಿದ ಪಲಾವ್ ಎಲೆ

ಮಾರ್ಚ್ 4

ಲೋ ಕುಳ್ಳ,

ಕಾಗದ ನೋಡಿ ಎದೆ ಒಡ್ಕೋಬೇಡ, ಇಲ್ಲಿ ಎಲ್ಲರೂ ನೆಟ್ಟಗಿದ್ದೀವಿ. ಫೋನಿರುವಾಗ ಇವಳಿಗೇನು ಬಂತು ಅಂತ ನೀನು ಕೇಳೇ ಕೇಳ್ತೀಯ. ಈ ಹೊಸ ಕ್ವಾರ್ಟರ್ಸಿನಲ್ಲಿ ಫೋನ್ ಇರೋದು ನಡುಮನೆಯಲ್ಲಿ, ನಡುಮನೆಯಲ್ಲಿ ಅತ್ತೆಯ ಮಂಚ. ನಾನು ಹಲೋ ಅಂದ ಕೂಡಲೇ ಅವರು ರೇಡಿಯೋ ಸಣ್ಣ ಮಾಡಿ, ಕಣ್ಣು ಮುಚ್ಚಿ, ನಿದ್ದೆ ಹತ್ತಿದವರ ಹಾಗೆ ಮಲಗ್ತಾರೆ. ಸಂಜೆ ಹೊತ್ತಿಗೆ ನನ್ನ ಮಾತೆಲ್ಲ ನಿಮ್ಮ ಭಾವನ ಕಿವಿ ಸೇರಿರುತ್ತೆ, ಅದೂ ಒಂದಕ್ಕೆರಡಾಗಿ.

ಮನೆ ಪರವಾಗಿಲ್ಲ. ಗೋಡೆಯಾಚೆಗೇ ಬಸ್ ಡಿಪೋ, ಹಾಗಾಗಿ ಇವರು ಮಧ್ಯಾಹ್ನ ಊಟಕ್ಕೆ ಬರ್ತಾರೆ, ಕೈಯ ಗ್ರೀಸನ್ನ ನನ್ನ ಒಳ್ಳೆ ಟವೆಲಿಗೆ ಒರೆಸಿ ಮತ್ತೆ ವರ್ಕ್‌ಶಾಪಿಗೆ ಹೋಗ್ತಾರೆ. ಹೊಲಿಗೆ ಮಿಷನ್ನನ್ನ ಅಡುಗೆಮನೆ ಕಿಟಕಿಗೆ ಒರಗಿಸಿ ಹಾಕಿದ್ದೀನಿ, ಬೆಳಕು ಚೆನ್ನಾಗಿದೆ. ಟಿಕೆಟ್ ಕೌಂಟರಿನ ಹೆಂಗಸರು ಒಬ್ಬೊಬ್ಬರೇ ಬಟ್ಟೆ ತರೋಕೆ ಶುರು ಮಾಡಿದ್ದಾರೆ. ಆ ಜ್ವರದಲ್ಲಿ ಹೋದ ಮೂಗು ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಹಾಲು ಸೀದದ್ದೂ ಗೊತ್ತಾಗಲ್ಲ, ಅತ್ತೆ ಕೂಗಿಕೊಂಡ ಮೇಲೇ ನಾನು ಓಡೋದು.

ಈಗ ವಿಷಯಕ್ಕೆ ಬರ್ತೀನಿ. ಹೊಲಿಸೋಕೆ ಬರೋ ಒಬ್ಬಾಕೆ ಸುಮ್ಮನೆ ಕೇಳಿದಳು, ಪಲಾವ್ ಎಲೇನ ಹೇಗೆ ಗುರುತು ಹಿಡಿಯೋದು ಅಂತ. ಅಂಗಡಿ ಪೊಟ್ಟಣದ ಎಲೆಯಲ್ಲಿ ಉದ್ದಕ್ಕೆ ಮೂರು ಗೆರೆ ಇದೆಯಂತೆ, ಅವಳ ಹತ್ತಿರ ಇರೋದರಲ್ಲಿ ನಡುವೆ ಒಂದೇ ಗೆರೆ. ನನ್ನ ತಮ್ಮ ಗಿಡಮರ ಪರೀಕ್ಷೆ ಮಾಡೋ ಲ್ಯಾಬಿನಲ್ಲಿದ್ದಾನೆ, ಎರಡು ವರ್ಷದಿಂದ ಇದೇ ಎಲೆ ಹಿಡ್ಕೊಂಡು ಕೂತಿದ್ದಾನೆ, ಕೇಳಿ ಹೇಳ್ತೀನಿ ಅಂದೆ. ಅವಳ ಎಲೆ ಮೂರು ಈ ಕವರಿನಲ್ಲೇ ಇಟ್ಟಿದ್ದೀನಿ. ನಾಲ್ಕು ಜನ ನೋಡೋ ಆಫೀಸಿಗೆ ಹೋಗೋದು ಅಂತ ಚೊಕ್ಕ ಮಾಡಿಯೇ ಕಳಿಸಿದ್ದೀನಿ, ಅಕ್ಕನ ಮರ್ಯಾದೆ ಉಳಿಸು.

ಒಂದು ಗೆರೆ ಇದ್ದರೆ ಏನಾದರೂ ತೊಂದರೆಯಾ, ಅದಷ್ಟೇ ಬರಿ. ಸುಮ್ಮನೆ ಕೇಳಿದ್ದು.

ಅತ್ತೆಗೆ ಹತ್ತು ಹನ್ನೆರಡು ದಿನದಿಂದ ತಲೆಸುತ್ತು. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಮನೆ ಸಮಾಚಾರ ಅಂತ ಬರೆದೆ. ಬೇಗ ಉತ್ತರ ಹಾಕು.

ಅಕ್ಕ


ಮಾರ್ಚ್ 11

ಅಕ್ಕ,

ನಿನ್ನ ಕಾಗದವನ್ನ ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದೆ. "ಇವನು ಎಲೆ ನೋಡಿ ಸಂಬಳ ತಗೋತಾನೆ" ಅಂತ ನೆಂಟರಿಗೆಲ್ಲ ನನ್ನ ಪರಿಚಯ ಮಾಡಿಕೊಡೋಳು ನೀನು. ಈಗ ನೀನೇ ಎಲೆ ಕಳಿಸಿ ಪ್ರಶ್ನೆ ಕೇಳಿದ್ದೀಯ. ನಮ್ಮ ಮೇಡಂ ಮುಂದೆ ನಾನು ಸ್ವಲ್ಪ ಎದೆ ಉಬ್ಬಿಸಿಕೊಂಡು ಓಡಾಡಿದ್ದರೆ ಅದಕ್ಕೆ ನೀನೇ ಕಾರಣ.

ಕೇಳಿದ್ದು ಒಳ್ಳೆ ಪ್ರಶ್ನೆ. ಪಲಾವ್ ಎಲೆ ಅಂತ ಮಾರೋದು ನಿಜವಾಗಿ ಎರಡು ಬೇರೆ ಮರದ ಎಲೆ. ಒಂದು ದಾಲ್ಚಿನ್ನಿ ಮರದ ದಾಯಾದಿ. ಅದರ ಬುಡದಿಂದ ತುದಿ ಕಡೆಗೆ ಮೂರು ನರ ಉದ್ದಕ್ಕೆ ಓಡುತ್ತೆ, ಮುರಿದರೆ ದಾಲ್ಚಿನ್ನಿ ಲವಂಗ ಬೆರೆತ ಹಾಗೆ ಘಮ. ಇನ್ನೊಂದು ಲಾರೆಲ್ ಮರದ್ದು. ಅದಕ್ಕೆ ನಡುವೆ ಒಂದೇ ನರ, ಅದರಿಂದ ಆಚೆ ಈಚೆ ಸಣ್ಣ ಕವಲು, ಅಂಚು ಅಲೆಅಲೆಯಾಗಿರುತ್ತೆ ಆದರೆ ಗರಗಸದಂಥ ಹಲ್ಲು ಇರಲ್ಲ. ಎರಡೂ ಅಸಲಿ, ಎರಡನ್ನೂ ಅಡುಗೆಗೆ ಹಾಕಬಹುದು. ಎರಡರಿಂದಲೂ ಎಣ್ಣೆ ಇಳಿಸಿ, ಹಿಟ್ಟಿನ ಹುಳ ಓಡುತ್ತಾ, ಬೂಸ್ಟು ನಿಲ್ಲುತ್ತಾ, ಹೊಟ್ಟೆಗೆ ಒಳ್ಳೇದು ಅಂತ ಜನ ಹೇಳೋದರಲ್ಲಿ ಎಷ್ಟು ನಿಜ ಅಂತ ನೋಡೋದೇ ನಮ್ಮ ಕೆಲಸ. ಮೊದಲ ಪಾಠ ಮಾತ್ರ ಯಾವಾಗಲೂ ಗುರುತು ಹಿಡಿಯೋದು. ಎಲೆ ತಪ್ಪಾದರೆ ಮುಂದಿನ ಪರೀಕ್ಷೆಯೆಲ್ಲ ನೀರಲ್ಲಿ ಹೋಮ.

ಆದರೆ ನೀನು ಕಳಿಸಿದ್ದು ಎರಡೂ ಅಲ್ಲ. ಒಂದನ್ನ ಮುರಿದು ಉಜ್ಜಿ ಮೂಸಿದೆ, ಪಲಾವ್ ಎಲೆ ವಾಸನೆಯ ಸುಳಿವೂ ಇಲ್ಲ. ನಿನ್ನ ಗಿರಾಕಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ. ಅಂಗಡಿಯವನ ಹತ್ತಿರ ಜಗಳ ಆಡಿ ಬದಲಾಯಿಸಿಕೋ ಅನ್ನು. ಅಡುಗೆಗಂತೂ ಹಾಕಲೇಬಾರದು. ಬೇಲಿಗೆ ಬೆಳೆಸೋ ಚೆರಿ ಲಾರೆಲ್ ಅಂತ ಒಂದಿದೆ, ಲಾರೆಲ್ ಮರದ ಅವಳಿ ಥರ ಇರುತ್ತೆ, ಎಲೆ ಜಜ್ಜಿದರೆ ಒಳಗಿಂದ ಬರೋದು ಸಯನೈಡ್. ಕಣಗಿಲೆ ಎಲೇನೂ ಹೀಗೆ ಬೆರೆತು ಜನ ಪೇಚಿಗೆ ಸಿಕ್ಕಿದ್ದಾರೆ. ಅದು ಸೀದಾ ಎದೆಬಡಿತಕ್ಕೇ ಕೈ ಹಾಕುತ್ತೆ, ನಾಡಿ ನಿಧಾನ ಆಗ್ತಾ ಆಗ್ತಾ ಹೋಗುತ್ತೆ. ಈ ವಿಷಯದ ಮೇಲೆ ನಾನು ಒಂದು ಭಾಷಣ ಮಾಡಿದ್ದೆ, ಮೇಡಂ ಚಪ್ಪಾಳೆ ಹೊಡೆದರು.

ಇಂಥ ಪ್ರಶ್ನೆ ಇನ್ನೂ ಕಳಿಸು. ಅತ್ತೆಯವರಿಗೆ ಬಿಸಿಲಿನ ಕಾಟ ಇರಬೇಕು, ನೀರು ಜಾಸ್ತಿ ಕುಡಿಯಲಿ. ಭಾವನನ್ನ ಕೇಳಿದೆ ಅನ್ನು.

ನಿನ್ನ ಕುಳ್ಳ


ಮಾರ್ಚ್ 22

ಕುಳ್ಳ,

ಗಿರಾಕಿಯೂ ಇಲ್ಲ, ಅಂಗಡಿಯವನೂ ಇಲ್ಲ. ಆ ಎಲೆ ನಮ್ಮ ಹಿತ್ತಲಿನ ಮರದ್ದು. ಕಿತ್ತವಳು ನಾನು, ಹಾಕಿದವಳು ನಾನು, ತಿಂದವರು ಅತ್ತೆ.

ಈ ಮನೆಗೆ ಬಂದ ವಾರದಲ್ಲೇ ಪಕ್ಕದ ಮನೆಯಾಕೆ ಹೇಳಿದಳು, ಮುಂಚೆ ಇದ್ದವರು ಇದನ್ನೇ ಅಡುಗೆಗೆ ಹಾಕ್ತಿದ್ದರು ಅಂತ. ಮರವೇ ಇರುವಾಗ ಅಂಗಡಿಗೆ ಯಾಕೆ ಹೋಗಬೇಕು ಅಂತ ದಿನಾ ಎರಡೆರಡು ಎಲೆ ಕಿತ್ತು ಅತ್ತೆಯ ಸೂಪಿಗೆ ಹಾಕಿದೆ. ಹಲ್ಲಿಲ್ಲ ಅಂತ ಅವರಿಗೆ ಎರಡು ಹೊತ್ತೂ ಸೂಪೇ. ನಾವಿಬ್ಬರೂ ಅದನ್ನ ಮುಟ್ಟಲ್ಲ. ಮೂಗಿದ್ದವಳಾಗಿದ್ದರೆ ಒಲೆ ಹತ್ತಿರ ನಿಂತಾಗಲೇ ತಿಳೀತಿತ್ತೇನೋ. ತಲೆಸುತ್ತು ಶುರುವಾದ ಮೇಲೆ ಒಂದು ದಿನ ಅಂಗಡಿ ಎಲೆ ಕೈಗೆ ಸಿಕ್ಕಿತು, ಮೂರು ಗೆರೆ ಕಂಡಿತು, ಹಿತ್ತಲಿಗೆ ಓಡಿ ನಮ್ಮ ಎಲೆ ನೋಡಿದರೆ ಒಂದೇ ಗೆರೆ. ಅದಕ್ಕೇ ನಿನಗೆ ಬರೆದದ್ದು. ಬರೆಯುವಾಗ ಸುಳ್ಳು ಬರೆದೆ.

ನಿನ್ನ ಕಾಗದ ಬಂದ ದಿನದಿಂದ ಒಂದು ಎಲೇನೂ ಹಾಕಿಲ್ಲ. ಆದರೂ ಅವರಿಗೆ ವಾಸಿ ಆಗಲಿಲ್ಲ. ವಿಷ ಮೈಗೆ ಹತ್ತಿಬಿಟ್ಟಿದೆ ಅಂತ ಕಾಣುತ್ತೆ. ಮೊನ್ನೆ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಆಸ್ಪತ್ರೆಗೆ ಸೇರಿಸಿದ್ದೀವಿ. ನಾಡಿ ತುಂಬ ನಿಧಾನ ಇದೆ, ಯಾಕೆ ಅಂತ ಗೊತ್ತಾಗ್ತಿಲ್ಲ ಅಂತ ಡಾಕ್ಟರಮ್ಮ ನಿಮ್ಮ ಭಾವನ ಹತ್ತಿರ ಹೇಳಿದರು. ನೀನು ಬರೆದದ್ದೂ ಅದೇ ಮಾತು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಕಣಗಿಲೆ ನನಗೆ ಗೊತ್ತು, ಇದು ಕಣಗಿಲೆ ಅಲ್ಲ. ನೀನು ಹೇಳಿದ ಇನ್ನೊಂದು ಇರಬೇಕು.

ಅತ್ತೆಗೂ ನನಗೂ ಎಣ್ಣೆ ಸೀಗೇಕಾಯಿ ಅಂತ ಇಡೀ ಬಳಗಕ್ಕೇ ಗೊತ್ತು. ಮನೆ ಸಾಮಾನು ಸಾಗಿಸೋ ದಿನ ಲಾರಿಯವರ ಎದುರೇ "ನಿಮ್ಮಿಂದ ನನಗೆ ಯಾವತ್ತು ಬಿಡುಗಡೆ" ಅಂತ ಕೇಳಿದ್ದೀನಿ. ಹಳೇ ಮಡಕೆ ಬಿಸಾಕಿದ್ದಕ್ಕೆ ಶುರುವಾದ ಜಗಳ ಅದು. ಈಗ ಎಲೆ ವಿಷಯ ಹೇಳಿದರೆ ಯಾರು ನಂಬ್ತಾರೆ, ಗೊತ್ತಿಲ್ಲದೆ ಹಾಕಿದಳು ಅಂತ? ನಿಮ್ಮ ಭಾವ ನಂಬ್ತಾರಾ? ಅವರ ತಾಯಿ ಕಣೋ. ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ. ಬೇಕು ಅಂತಲೇ ಹಾಕಿದೆನಾ ಅಂತ ಮಲಗಿದಾಗೆಲ್ಲ ನನ್ನನ್ನ ನಾನೇ ಕೇಳ್ಕೊಳ್ತೀನಿ.

ಒಂದು ಮಾತು ಹೇಳ್ತೀನಿ, ನಗಬೇಡ. ಮನೆಯಲ್ಲಿ ಅವರಿಲ್ಲ, ರೇಡಿಯೋ ಇಲ್ಲ, "ಏನೇ ಅದು ಸದ್ದು" ಅನ್ನೋರಿಲ್ಲ. ಬಿಡುಗಡೆ ಅಂದರೆ ಇದೇ ಆದರೆ ನನಗೆ ಬೇಡ. ಅವರು ಮನೆಗೆ ಬರಬೇಕು.

ಫೋನ್ ಮಾಡಬೇಡ. ಏನು ಮಾಡಲಿ ಅಂತ ಬರಿ.

ಅಕ್ಕ


ಮಾರ್ಚ್ 26

ಅಕ್ಕ,

ಬೇಡ ಅಂದರೂ ನಿನ್ನೆ ಫೋನ್ ಮಾಡಿದೆ. ಭಾವ ಎತ್ತಿದರು. ಏನು ಹೇಳಬೇಕು ತೋಚದೆ, ನಮ್ಮೂರಿಗೆ ಬರೋ ಬಸ್ಸಿನ ಸೀಟು ಹರಿದಿದೆ ಅಂತ ದೂರು ಕೊಟ್ಟು ಇಟ್ಟುಬಿಟ್ಟೆ. ಪಾಪ, ನಂಬರ್ ಬರ್ಕೊಂಡರು. ಅದಕ್ಕೇ ಈ ಕಾಗದವನ್ನ ನಿಮ್ಮ ಡಿಪೋ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡ್ತಿದ್ದೀನಿ. ನಿನ್ನ ಕೈಗೇ ಕೊಡಬೇಕು, ಹೊಲಿಗೆ ಅಳತೆ ಇದೆ ಅಂದಿದ್ದೀನಿ.

ಮೊದಲು ಇದನ್ನ ಮಾಡು, ಮಿಕ್ಕದ್ದನ್ನ ಆಮೇಲೆ ಓದು. ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳು. ಯಾವ ಎಲೆ, ಎಷ್ಟು, ಎಂದಿನಿಂದ ಎಂದಿನವರೆಗೆ. ಭಾವ ಏನಂತಾರೆ, ಊರೇನನ್ನುತ್ತೆ, ಅದೆಲ್ಲ ಬದುಕಿದ ಮೇಲಿನ ಮಾತು. ಡಾಕ್ಟರು ಕತ್ತಲಲ್ಲಿ ಕೈ ಆಡಿಸ್ತಿದ್ದಾರೆ, ನಿನ್ನ ಹತ್ತಿರ ಬೆಂಕಿಕಡ್ಡಿ ಇಟ್ಕೊಂಡು ಸುಮ್ಮನೆ ನಿಲ್ಲಬೇಡ.

ಇನ್ನು ನನ್ನ ಕಥೆ. ನಿನ್ನ ಕಾಗದ ಓದಿದ ಮೇಲೆ ಉಳಿದ ಎರಡು ಎಲೇನ ಮೊದಲನೇ ಸಲ ಲೆನ್ಸ್ ಕೆಳಗೆ ಇಟ್ಟೆ. ಹೌದು, ಮೊದಲನೇ ಸಲ. ಹೋದ ಸಲ ಟೀ ಲೋಟ ಕೈಯಲ್ಲಿ ಹಿಡ್ಕೊಂಡು, ಮೂಸಿ, ತೀರ್ಪು ಕೊಟ್ಟಿದ್ದೆ. ಈಗ ನೋಡಿದರೆ ಅಂಚಿನ ಉದ್ದಕ್ಕೂ ಕತ್ತರಿ ಆಡಿದೆ. ಹಲ್ಲಿತ್ತಾ, ಅಲೆಯಿತ್ತಾ, ಹೇಳೋಕೆ ಅಂಚೇ ಇಲ್ಲ. ತೊಟ್ಟು ಇಲ್ಲ. ಚೆರಿ ಲಾರೆಲ್ ಆಗಿದ್ದರೆ ಎಲೆಯ ಹಿಂಬದಿ, ತೊಟ್ಟಿನ ಹತ್ತಿರ ಎರಡು ಸಣ್ಣ ಚುಕ್ಕೆ ಇರುತ್ತೆ, ಆ ಭಾಗವನ್ನೇ ಹಾರಿಸಿದ್ದೀಯ. ಮತ್ತೆ ಮೂಸಿದೆ, ಬಟ್ಟೆ ಸೋಪಿನ ವಾಸನೆ. ಎಲೆ ಸೀದ ಹಾಗೆ ಸಪಾಟಾಗಿದೆ. ಅಕ್ಕ, ನಿಜ ಹೇಳು, ಚೊಕ್ಕ ಮಾಡೋದು ಅಂದರೆ ಏನು ಮಾಡಿದೆ? ತೊಳೆದು, ಅಂಚು ಕತ್ತರಿಸಿ, ಇಸ್ತ್ರಿ ಹಾಕಿದೆಯಾ?

ಹಾಗೆ ಮಾಡಿದ್ದರೆ ಆ ವಾಸನೆಯ ಎಣ್ಣೆ ನಿನ್ನ ಇಸ್ತ್ರಿ ಪೆಟ್ಟಿಗೆಗೆ ಹೋಗಿರುತ್ತೆ, ನನ್ನ ತೀರ್ಪಿಗೆ ಮೂರು ಕಾಸಿನ ಬೆಲೆ ಇಲ್ಲ. ಅದು ಅಸಲಿಯೇ ಇರಬಹುದು. ಅಲ್ಲದೇನೂ ಇರಬಹುದು. ನೀನು ಕಳಿಸಿದ್ದು ಎಲೆ ಅಲ್ಲ, ಎಲೆ ಆಕಾರದ ಬಟ್ಟೆ. ಯಾವ ವಿಜ್ಞಾನಿ ಬಂದರೂ ಅದರಿಂದ ಏನೂ ಹೇಳೋಕಾಗಲ್ಲ. ನಾನು ಮಾತ್ರ ಹೇಳಿಬಿಟ್ಟೆ.

ಒಂದು ರೆಂಬೆ ಕಳಿಸು. ತೊಳೀಬೇಡ, ಕತ್ತರಿ ತಾಗಿಸಬೇಡ, ಇಸ್ತ್ರಿ ಪೆಟ್ಟಿಗೇನ ಆ ಕೋಣೆಯಿಂದಲೇ ಆಚೆ ಇಡು. ಎಲೆ ತೊಟ್ಟಿನ ಜೊತೆಗಿರಬೇಕು, ಮೊಗ್ಗಿದ್ದರೆ ಇನ್ನೂ ಒಳ್ಳೇದು. ಹಳೇ ಪೇಪರಿನಲ್ಲಿ ಸುತ್ತಿ ಅದೇ ಡ್ರೈವರ್ ಕೈಯಲ್ಲಿ ಕೊಡು. ಅಲ್ಲೇ ಯಾರಾದರೂ ಮೂಗಿದ್ದವರ ಕೈಯಲ್ಲಿ ಒಂದು ಎಲೆ ಜಜ್ಜಿಸಿ ಕೇಳು, ಕಹಿ ಬಾದಾಮಿ ವಾಸನೆ ಬಂತಾ ಅಂತ.

ಧೈರ್ಯವಾಗಿರು. ಸೂಪಿನಲ್ಲಿ ಕುದಿಸಿ ತೆಗೆದ ಎರಡು ಎಲೆಯಿಂದ ಏನೂ ಆಗಿರಲ್ಲ ಅಂತ ನನಗೆ ಖಾತ್ರಿ ಇದೆ.

ಕುಳ್ಳ


ಮಾರ್ಚ್ 31

ಕುಳ್ಳ,

ಮೊದಲು ನೀನು ಉಸಿರು ಬಿಡು. ಅತ್ತೆ ಎದ್ದು ಕೂತಿದ್ದಾರೆ.

ನಿನ್ನ ಕಾಗದ ಬಂದಾಗ ಒಬ್ಬರ ಕೋಟಿಗೆ ಗುಂಡಿ ಹಾಕ್ತಿದ್ದೆ. ಆಕೆ ಎದುರೇ ಕೂತಿದ್ದಳು. ಎಲೆ ಜಜ್ಜಿ ಅವಳ ಮೂಗಿನ ಹತ್ತಿರ ಹಿಡಿದು "ಬಾದಾಮಿ ವಾಸನೆ ಬರ್ತಿದೆಯಾ" ಅಂದೆ. "ಏನೋ ಔಷಧಿ ಥರ ಇದೆ, ತಲೆನೋವಿಗಾ?" ಅಂದಳು. ಇವಳನ್ನ ಕಟ್ಟಿಕೊಂಡು ಆಗೋದಲ್ಲ ಅಂತ ಕೋಟನ್ನ ಅರ್ಧಕ್ಕೇ ಬಿಟ್ಟು ಆಸ್ಪತ್ರೆಗೆ ಓಡಿದೆ.

ಡಾಕ್ಟರಮ್ಮ ಅತ್ತೆಯ ಮಂಚದ ಹತ್ತಿರವೇ ಇದ್ದರು. ನಿಮ್ಮ ಭಾವನೂ ಇದ್ದರು. ಆಚೆ ಕರೆದು ಹೇಳೋಣ ಅಂದುಕೊಂಡೆ, ಆಚೆ ಹೋಗೋಷ್ಟರಲ್ಲಿ ಧೈರ್ಯ ಕೆಟ್ಟುಹೋಗುತ್ತೆ ಅಂತ ಅಲ್ಲೇ, ಎಲ್ಲರ ಎದುರೇ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ಪುಣ್ಯಾತ್ಗಿತ್ತಿ, ಕುರ್ಚಿ ಎಳೆದು ಕೂತು ಒಂದೊಂದೇ ಕೇಳಿದರು. ಎಲೆ ನಿಲ್ಲಿಸಿದ ಮೇಲೂ ನಾಡಿ ಇಳೀತಾನೇ ಇದೆ ಅಂದಾಗ ಅವರು ತಲೆ ಎತ್ತಿದರು. "ಎಲೆ ಮರೆತುಬಿಡಿ. ಇವರ ಬಾಯಿಗೆ ಬೇರೆ ಏನೇನು ಹೋಗುತ್ತೆ, ಎಲ್ಲ ತಂದು ತೋರಿಸಿ" ಅಂದರು.

ಅತ್ತೆಯ ಚೀಲದಲ್ಲಿ ಒಂದು ಬಿಸ್ಕತ್ ಡಬ್ಬಿ ಇತ್ತು. ಅದರಲ್ಲಿ ಹಳೇ ಊರಿನ ಡಾಕ್ಟರು ಕೊಟ್ಟಿದ್ದ ಬಿಪಿ ಮಾತ್ರೆ, ಅರ್ಧ ಡಬ್ಬಿಯಷ್ಟು. ಇಲ್ಲಿಗೆ ಬಂದ ಮೇಲೆ ಹೊಸ ಕ್ಲಿನಿಕ್ಕಿನವರು ಬಿಪಿಗೆ ಅಂತ ಬೇರೆ ಮಾತ್ರೆ ಬರೆದುಕೊಟ್ಟಿದ್ದರು. ಒಂದು ಬಿಳಿ, ಒಂದು ಗುಲಾಬಿ. ಹೆಸರು ಬೇರೆ, ಕಂಪನಿ ಬೇರೆ, ಒಳಗಿನ ಔಷಧಿ ಒಂದೇ. ನಮ್ಮ ಅತ್ತೆ ಹೊಸದನ್ನ ನಮ್ಮ ಎದುರು ನುಂಗೋರು, ಹಳೇದು ಕೈಗುಣದ ಡಾಕ್ಟರು ಕೊಟ್ಟದ್ದು ಅಂತ ಅದನ್ನ ಗುಟ್ಟಾಗಿ ನುಂಗೋರು. ಆಸ್ಪತ್ರೆಯಲ್ಲಿ ಮಲಗಿಕೊಂಡೂ ನುಂಗ್ತಿದ್ದರು. ಎರಡು ಪಾಲು ಔಷಧಿ ಸೇರಿ ನಾಡಿ ಹಿಡಿದು ನಿಲ್ಲಿಸಿತ್ತು. ತಲೆಸುತ್ತಿಗೂ ಅದೇ ಕಾರಣ.

ಡಾಕ್ಟರಮ್ಮ ಡಬ್ಬಿ ಕಿತ್ಕೊಂಡರು. ಎರಡು ದಿನಕ್ಕೆ ನಾಡಿ ಸರಿಹೋಯ್ತು. ನಿನ್ನೆ ಪಕ್ಕದ ಮಂಚದವಳ ಸೊಸೆ ಹೊದಿಕೆ ಸರಿಯಾಗಿ ಮಡಿಸ್ತಿಲ್ಲ ಅಂತ ಕೊರೆಯೋಕೆ ಶುರು ಮಾಡಿದರು. ಕೇಳಿ ನನಗೆ ಕಣ್ಣು ತುಂಬಿತು. ಇಷ್ಟು ದಿನ ಎದೆ ಮೇಲೆ ಕೂತಿದ್ದ ಭಾರ ಇಳೀತು ಕಣೋ.

ಹೌದು, ತೊಳೆದೆ, ಕತ್ತರಿಸಿದೆ, ಇಸ್ತ್ರಿ ಹಾಕಿದೆ, ಸ್ವಲ್ಪ ನೀರನ್ನೂ ಚಿಮುಕಿಸಿದೆ. ಕತ್ತರಿ ಕೈಯಲ್ಲಿ ಇದ್ದಾಗ ಅಂಚು ಸೊಟ್ಟಗಿದ್ದರೆ ನನಗೆ ಸುಮ್ಮನೆ ಬಿಡೋಕಾಗಲ್ಲ. ಕವರಿಗೂ ಹಿಡಿಸ್ತಿರಲಿಲ್ಲ. ಯಾರಿಗೆ ಗೊತ್ತು, ನಿಮ್ಮಂಥ ಓದಿದವರಿಗೆ ಗಲೀಜು ಎಲೆ ಬೇಕು ಅಂತ.

ರೆಂಬೆ ಕಳಿಸಿದ್ದೀನಿ. ನಿಮ್ಮ ಭಾವನೇ ಮರ ಹತ್ತಿ ಕಡಿದು, ಪೇಪರ್ ಸುತ್ತಿ, ಡ್ರೈವರಿಗೆ ಕೊಟ್ಟರು. ಪರೀಕ್ಷೆ ಮಾಡಿ ಬರಿ. ಮಾತ್ರೆ ಸಿಕ್ಕಿತು ಅಂದರೆ ಎಲೆ ಒಳ್ಳೇದು ಅಂತ ಆಗಲಿಲ್ಲವಲ್ಲ. ಅಷ್ಟು ದಿನ ನಾನು ಅವರಿಗೆ ಏನು ಹಾಕಿದೆ ಅಂತ ನನಗೆ ತಿಳೀಲೇಬೇಕು.

ಮನೆಗೆ ಬಂದ ಮೇಲೆ ಇವರು ನನಗೆ ಏನೂ ಅನ್ನಲಿಲ್ಲ. ಅದನ್ನ ಆಮೇಲೆ ಬರೀತೀನಿ.

ಅಕ್ಕ


ಏಪ್ರಿಲ್ 6

ಅಕ್ಕ,

ಕೂತ್ಕೊಂಡು ಓದು. ಅಸಲಿ. ನೂರಕ್ಕೆ ನೂರು ಅಸಲಿ ಲಾರೆಲ್. ನೀನು ಅತ್ತೆಯವರಿಗೆ ಅಂಗಡಿಯಲ್ಲಿ ಸಿಗೋದಕ್ಕಿಂತ ಒಳ್ಳೇ ಪಲಾವ್ ಎಲೆ ಹಾಕಿ ಸೂಪು ಕೊಟ್ಟಿದ್ದೀಯ.

ಪೇಪರ್ ಬಿಚ್ಚಿದ ಕೂಡಲೇ ಮೇಜಿನ ಆಚೆ ತುದಿಯಲ್ಲಿದ್ದ ಮೇಡಂ ತಿರುಗಿ ನೋಡಿದರು, ಅಷ್ಟು ಘಮ. ಆದರೆ ಈ ಸಲ ನಾನು ಮೂಗನ್ನ ನಂಬಲಿಲ್ಲ. ಅಂಚು ನೋಡಿದೆ, ಅಲೆ ಇದೆ, ಹಲ್ಲಿಲ್ಲ. ತೊಟ್ಟಿನ ಹತ್ತಿರ ಚುಕ್ಕೆ ಇಲ್ಲ. ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಎಣ್ಣೆಯ ಸಣ್ಣ ಸಣ್ಣ ಗೂಡು ದುಂಡಗೆ ಕಾಣಿಸಿತು. ಹಳದಿ ಮೊಗ್ಗೂ ಇತ್ತು, ಅದೂ ಲಾರೆಲ್ಲಿನದೇ. ಉಳಿದ ಎಲೇನ ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸಿದ್ವಿ, ನಮ್ಮ ಹತ್ತಿರ ಇರೋ ಅಸಲಿ ಎಣ್ಣೆಗೆ ಸರಿಯಾಗಿ ಹೊಂದಿತು. ಸಯನೈಡಿಗೆ ಬೇರೆ ಪರೀಕ್ಷೆ ಮಾಡಿದೆ, ಇಲ್ಲವೇ ಇಲ್ಲ. ಆಮೇಲೆ ಇದೆಲ್ಲವನ್ನೂ ಮೇಡಂ ತಾವೇ ಇನ್ನೊಂದು ಸಲ ಮಾಡಿ ನೋಡಿದರು, ಯಾಕೆಂದರೆ ನಾನೇ ಕೇಳಿಕೊಂಡೆ. ವರದಿ ಜೊತೆಗಿದೆ, ಸೀಲು ಹಾಕಿದೆ.

ಟೀ ಕುಡೀತಾ ತೀರ್ಪು ಕೊಟ್ಟ ವಿಷಯವನ್ನೂ ಮೇಡಂಗೆ ಹೇಳಿದೆ. "ಭಾಷಣಕ್ಕೆ ಚಪ್ಪಾಳೆ ಹೊಡೆದದ್ದು ನನ್ನದೇ ತಪ್ಪು" ಅಂದರು. ನಿನ್ನ ಇಸ್ತ್ರಿ ಎಲೇನ ಗಾಜಿನ ಕೆಳಗೆ ಇಟ್ಟು ಗೋಡೆಗೆ ಹಾಕಿಸಿದ್ದಾರೆ. ಹೊಸದಾಗಿ ಬರೋ ಹುಡುಗರಿಗೆಲ್ಲ ಮೊದಲು ಅದನ್ನ ತೋರಿಸಿ ಇದೇನು ಹೇಳಿ ಅಂತ ಕೇಳ್ತಾರಂತೆ. ಗೊತ್ತಿಲ್ಲ ಅಂದವನು ಪಾಸು.

ನನಗೆ ಖಾತ್ರಿ ಇದೆ ಅಂತ ಬರೆದಿದ್ದೆನಲ್ಲ, ಇರಲಿಲ್ಲ. ಡ್ರೈವರಿಗೆ ಕಾಗದ ಕೊಟ್ಟು ಬಂದವನು ಊಟ ಬಿಟ್ಟು ಕೂತಿದ್ದೆ. ನಾಡಿ ನಿಧಾನ ಅಂತ ನಾನೇ ಬರೆದು, ಅದೇ ನಾಡಿ ನಿಧಾನ ಅಂತ ನಿನ್ನ ಕಾಗದದಲ್ಲಿ ಓದಿದ ಮೇಲೆ ತುತ್ತು ಎಲ್ಲಿ ಇಳಿಯುತ್ತೆ. ನಿನ್ನನ್ನ ಅಷ್ಟು ದಿನ ಆ ಸಂಕಟದಲ್ಲಿ ಕೂರಿಸಿದವನು ನಾನು. ಸಾರಿ ಅಕ್ಕ.

ಭಾವ ಏನೂ ಅನ್ನಲಿಲ್ಲ ಅಂದೆ. ದೊಡ್ಡ ಮನುಷ್ಯ. ಒಂದು ನಟ್ಟು ಕಳೆದರೆ ಡಿಪೋ ಎಲ್ಲ ಒಂದು ಮಾಡೋ ಆಸಾಮಿ, ಇಷ್ಟು ದೊಡ್ಡ ವಿಷಯಕ್ಕೆ ಸುಮ್ಮನಿದ್ದರು ಅಂದರೆ ನಾನು ಅವರನ್ನ ತಪ್ಪು ತಿಳ್ಕೊಂಡಿದ್ದೆ. ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು.

ಕುಳ್ಳ


ಏಪ್ರಿಲ್ 12

ಕುಳ್ಳ,

ವರದಿ ಬಂತು. ಓದಿದೆ, ಮತ್ತೆ ಓದಿದೆ, ಮಿಷನ್ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ನೆಮ್ಮದಿಯ ಅಳು, ಗಾಬರಿ ಬೀಳಬೇಡ. ಆಮೇಲೆ ಮುಖ ತೊಳೆದು ಆವತ್ತಿನ ಕೋಟಿಗೆ ಉಳಿದ ಗುಂಡಿ ಹಾಕಿ ಕಳಿಸಿದೆ.

ನಿಮ್ಮ ಭಾವನಿಗೆ ನೀನು ಥ್ಯಾಂಕ್ಸ್ ಹೇಳೋದು ಬೇಡ. ಅವರು ಸುಮ್ಮನಿದ್ದದ್ದು ದೊಡ್ಡತನಕ್ಕಲ್ಲ. ಆವತ್ತು ನಡೆದದ್ದನ್ನ ನಿನಗೆ ಬರೆಯದೆ ಉಳಿಸಿಕೊಂಡಿದ್ದೆ. ಎರಡು ಸಲ ಬರೆದು ಹರಿದು ಹಾಕಿದೆ.

ಆಸ್ಪತ್ರೆಯಲ್ಲಿ ಹಿತ್ತಲ ಮರದ ಎಲೆ ಸೂಪಿಗೆ ಹಾಕಿದೆ ಅಂತ ಹೇಳಿದೆ ಅಲ್ಲವಾ, ಇವರ ಮುಖ ಕೆಂಪಾಯ್ತು. ಡಾಕ್ಟರಮ್ಮನ ಎದುರೇ "ಏನೇ, ನಮ್ಮಮ್ಮನಿಗೆ ಕಂಡ ಕಂಡ ಸೊಪ್ಪು ಹಾಕು ಅಂತ ನಿನಗೆ ಯಾರು ಹೇಳಿದ್ದು?" ಅಂದರು. ಆಗ ಮಂಚದ ಮೇಲಿಂದ ಅತ್ತೆ ಹೇಳಿದರು, "ನಾನು ಹೇಳಿದ್ದು."

ಕಣ್ಣು ಮುಚ್ಚಿಯೇ ಇತ್ತು. ನಿದ್ದೆಯಲ್ಲಿದ್ದಾರೆ ಅಂದುಕೊಂಡಿದ್ದೆವು. "ಮರ ಮನೆ ಹಿಂದೆ ಇಟ್ಕೊಂಡು ಅಂಗಡಿಗೆ ದುಡ್ಡು ಸುರೀಬೇಡ ಅಂತ ನಾನೇ ಹೇಳಿದ್ದು. ಅವಳು ಬೇಡ, ಗೊತ್ತಿಲ್ಲದ ಎಲೆ ಅಂದಳು. ನಾನು ಕೇಳಲಿಲ್ಲ, ಕಿತ್ಕೊಂಡು ಬಾ ಅಂತ ಗದರಿಸಿದೆ. ಅವಳ ಮೇಲೆ ಯಾಕೋ ಹಾರಾಡ್ತೀಯ, ಸುಮ್ಮನಿರು" ಅಂದರು. ಇವರು ತಿರುಗಿ ಕಿಟಕಿ ಹತ್ತಿರ ಹೋಗಿ ನಿಂತರು. ತಾಯಿ ಮಾತಿಗೆ ಎದುರಾಡಿ ಅಭ್ಯಾಸ ಇಲ್ಲ ಅವರಿಗೆ.

ಕುಳ್ಳ, ಆ ಹೆಂಗಸು ಈ ಮನೆಗೆ ಬಂದ ಮೇಲೆ ಹಿತ್ತಲ ಬಾಗಿಲು ದಾಟಿಲ್ಲ. ಮೊಣಕಾಲು ನೋವು, ಅಲ್ಲಿ ಮೆಟ್ಟಿಲಿದೆ. ಹಿಂದೆ ಮರ ಇದೆ ಅನ್ನೋದೇ ಅವರಿಗೆ ಆವತ್ತು ನಾನು ಹೇಳಿದಾಗ ಗೊತ್ತಾಗಿರಬೇಕು. ಆ ಹೊತ್ತಿಗೆ ಡಬ್ಬಿ ಇನ್ನೂ ಸಿಕ್ಕಿರಲಿಲ್ಲ. ನಾನು ಅವರಿಗೆ ವಿಷ ಕೊಟ್ಟಿದ್ದೀನಾ ಇಲ್ಲವಾ ಅಂತ ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ತಾವು ಉಳೀತೀವಾ ಅಂತ ಅವರಿಗೇ ಗೊತ್ತಿರಲಿಲ್ಲ. ಅಂಥಾದ್ದರಲ್ಲಿ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಂಡರು. ಯಾಕೆ ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ.

ಮೊನ್ನೆ ಮನೆಗೆ ಕರ್ಕೊಂಡು ಬಂದ್ವಿ. ನಿನ್ನೆ ಮಧ್ಯಾಹ್ನ ಇವರು ಡಿಪೋಗೆ ಹೋದ ಮೇಲೆ ಮಂಚದ ಹತ್ತಿರ ನಿಂತು ವರದಿ ಓದಿ ಹೇಳಿದೆ. ಅಂಚು, ಚುಕ್ಕೆ, ಎಣ್ಣೆ ಗೂಡು, ನಿಮ್ಮ ಮೇಡಂ ಮತ್ತೆ ಮಾಡಿ ನೋಡಿದ್ದು, ಒಂದೂ ಬಿಡಲಿಲ್ಲ. ರೇಡಿಯೋ ಆರಿಸಿ ಕೇಳಿದರು. ಮುಗಿದ ಮೇಲೆ, "ಅಂದರೆ ಎಲೆ ಒಳ್ಳೇದೇ?" ಅಂದರು. ಒಳ್ಳೇದೇ ಅಂದೆ.

"ಥೂ, ಹಾಗಾದರೆ ಮಗನ ಹತ್ತಿರ ಹೇಳಿದ ಸುಳ್ಳು ದಂಡ ಆಯ್ತು" ಅಂದರು.

ದಂಡ ಆಗಲಿಲ್ಲ ಅಂತ ಹೇಳೋಕೆ ಹೋದವಳು ವರದಿಯನ್ನ ಮಡಿಸ್ತಾ ನಿಂತೆ. ಅವರು ನನ್ನ ಮುಖ ನೋಡಲಿಲ್ಲ. ಗೋಡೆ ಕಡೆ ಸ್ವಲ್ಪ ಸರಿದು ಮಂಚದಲ್ಲಿ ಜಾಗ ಬಿಟ್ಟರು. ಇಷ್ಟು ವರ್ಷದಲ್ಲಿ ಮೊದಲನೇ ಸಲ ಅವರ ಮಂಚದ ಮೇಲೆ ಕೂತೆ.

ಅಕ್ಕ